ಋತುಬಂಧದ ಔಷಧವೂ ಸ್ತನದ ಏಡಿಗಂತಿಯೂ

ವಯಸ್ಸು 45ರಿಂದ 50ನ್ನು ಸಮೀಪಿಸಿದಂತೆ ಹೆಂಗಸರಲ್ಲಿ ಸಾಮಾನ್ಯವಾಗಿ ಮುಟ್ಟು ನಿಲ್ಲುತ್ತದೆ. ಇದನ್ನು ಋತುಬಂಧವೆನ್ನುತ್ತೇವೆ. ಇದು ರೋಗವಲ್ಲ, ಅಂಡಾಶಯಗಳು ಈಸ್ಟ್ರೊಜನ್, ಪ್ರೊಜೆಸ್ಟಿರೋನ್ ಎಂಬ ಹಾರ್ಮೋನುಗಳ ತಯಾರಿಕೆಯನ್ನು ಬಹುಮಟ್ಟಿಗೆ ನಿಲ್ಲಿಸುವ ಸಹಜಕ್ರಿಯೆ. ಬೀದರ ಸಮೀಪದ ಕಮಠಾಣದಲ್ಲಿ ಹೊಲಗೆಲಸ ಮಾಡುವವಳಿಗೂ ಬೆಂಗಳೂರಿನ ಅಧ್ಯಾಪಕಿಗೂ ಇದು ತಪ್ಪಿದ್ದಲ್ಲ. ಆಗ ಕೆಲವರಿಗೆ ಮೈಯೆಲ್ಲ ಒಮ್ಮೆಲೇ ಬಿಸಿಯೇರಿ ಬೆವರುತ್ತದೆ, ನಿದ್ರೆ ಕೆಡುತ್ತದೆ. ಕೊರತೆಯಾದ ಹಾರ್ಮೋನನ್ನು ಔಷಧರೂಪದಲ್ಲಿ ಕೊಟ್ಟರೆ ಈ ಬಾಧೆ ತಗ್ಗುತ್ತದೆ. ಆದರೆ ಅದರಿಂದ ಸ್ತನದಲ್ಲಿ ಏಡಿಗಂತಿ, ಎಂದರೆ ಕ್ಯಾನ್ಸರ್, ಉಂಟಾಗುವುದೆಂಬ ಭಯವೂ ಇದೆ. ಈ ಭಯದಲ್ಲಿ ನಿಜವೆಷ್ಟು?

ಸ್ತನದ ಹಾಲಿನ ನಾಳಗಳ ಕೆಲವು ಜೀವಕೋಶಗಳಲ್ಲಿ ಈಸ್ಟ್ರೊಜನ್ನನ್ನು ಹಿಡಿಯುವ ಪ್ರೋಟೀನೊಂದಿದೆ. ಇದನ್ನು ಗ್ರಾಹಕವೆನ್ನೋಣ. ಬೀಗಕ್ಕೆ ಕೀಲಿ ಕೂಡುವಂತೆ ಹಾರ್ಮೋನು ಗ್ರಾಹಕವನ್ನು ಕೂಡಿದಾಗ ಕೆಲವು ಜೀನುಗಳು ಚುರುಕಾಗಿ, ಕೋಶವಿಭಜನೆ ಹೆಚ್ಚುತ್ತದೆ. ಪ್ರತಿ ವಿಭಜನೆಗೂ ಡಿ.ಎನ್.ಎ.ಯ ನಕಲು ಆಗಬೇಕು. ನಕಲು ಹೆಚ್ಚಿದಷ್ಟೂ ತಪ್ಪಿಗೆ ಅವಕಾಶ ಹೆಚ್ಚು. ಮೊದಲೇ ಕೆಟ್ಟ ಕೋಶವೊಂದು ಅಡಗಿದ್ದರೆ ಅದರ ಬೆಳವಣಿಗೆಗೂ ಹಾರ್ಮೋನು ಗೊಬ್ಬರವಾಗಬಲ್ಲುದು. ಅಂಡಾಶಯಗಳನ್ನು ತೆಗೆದರೆ ಕೆಲವರ ಸ್ತನದ ಗಂತಿ ಕುಗ್ಗುವುದೆಂದು ಸ್ಕಾಟ್ಲೆಂಡಿನ ವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿಯೇ ವರದಿ ಮಾಡಿದ್ದನು. ಗ್ರಾಹಕದ ಪರಿಚಯವು ಆಗಿನ್ನೂ ಯಾರಿಗೂ ಇರಲಿಲ್ಲ.

ಈಸ್ಟ್ರೊಜನ್ ಒಂದನ್ನೇ ಕೊಟ್ಟರೆ ಗರ್ಭಕೋಶದ ಒಳಪದರ ದಪ್ಪವಾಗಿ, ಅಲ್ಲಿ ಕ್ಯಾನ್ಸರಿನ ಸಂಭವ ಹೆಚ್ಚುತ್ತದೆ. ಆದುದರಿಂದ ಗರ್ಭಕೋಶವಿರುವವರಿಗೆ ಪ್ರೊಜೆಸ್ಟಿರೋನನ್ನು ಹೋಲುವ ಔಷಧವನ್ನೂ ಜೊತೆಗೂಡಿಸುತ್ತಾರೆ. ಗರ್ಭಕೋಶವನ್ನು ಕಾಯುವ ಈ ಜೋಡಿಯಿಂದ ಸ್ತನಕ್ಕೆ ಏನಾದೀತು?

ಅಮೆರಿಕದಲ್ಲಿ 50ರಿಂದ 79 ವರ್ಷದ 16,608 ಸ್ತ್ರೀಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಜೋಡಿ ಔಷಧವನ್ನೂ ಇನ್ನೊಂದಕ್ಕೆ ಔಷಧವಿಲ್ಲದ ಗುಳಿಗೆಯನ್ನೂ ಕೊಟ್ಟು ಪರೀಕ್ಷಿಸಿದರು. 2002ರಲ್ಲಿ ಪರೀಕ್ಷೆಯನ್ನು ಅವಧಿಗೆ ಮುನ್ನವೇ ನಿಲ್ಲಿಸಬೇಕಾಯಿತು. ಔಷಧ ಸೇವಿಸಿದವರಲ್ಲಿ ಸ್ತನದ ಕ್ಯಾನ್ಸರ್ ನೂರಕ್ಕೆ 26ರಷ್ಟು ಹೆಚ್ಚಿತ್ತು. ಈ ಲೆಕ್ಕವನ್ನು ಬಿಡಿಸಿ ನೋಡೋಣ. ವರ್ಷಕ್ಕೆ 10,000 ಮಂದಿಯಲ್ಲಿ 30 ಜನರಿಗೆ ಬರುತ್ತಿದ್ದುದು 38 ಜನರಿಗೆ ಬಂದಿತು. ಅಂದರೆ 8 ಮಂದಿ ಹೆಚ್ಚು. ನೂರಕ್ಕೆ ಇಷ್ಟೆಂಬ ಮಾತು ಕೇಳಿದಾಗಲೆಲ್ಲ ಮೂಲಸಂಖ್ಯೆ ಯಾವುದೆಂದು ವಿದ್ಯಾರ್ಥಿಗಳು ಕೇಳಬೇಕು.

ಗರ್ಭಕೋಶ ತೆಗೆಸಿಕೊಂಡವರಿಗೆ ಈಸ್ಟ್ರೊಜನ್ ಮಾತ್ರ ಕೊಟ್ಟ ಅಲ್ಲಿಯ ಇನ್ನೊಂದು ಪರೀಕ್ಷೆಯಲ್ಲಿ ಹೆಚ್ಚಳ ಕಾಣಲಿಲ್ಲ. ಆದರೆ ಅನೇಕ ದೇಶಗಳ ಅಧ್ಯಯನಗಳನ್ನು 2019ರಲ್ಲಿ ಒಟ್ಟುಗೂಡಿಸಿದಾಗ, ಅದರಿಂದಲೂ ಅಲ್ಪ ಹೆಚ್ಚಳವುಂಟೆಂದೂ, ಸೇವನೆಯ ವರ್ಷಗಳು ಬೆಳೆದಂತೆ ಅಪಾಯವೂ ಬೆಳೆಯುವುದೆಂದೂ ತೋರಿತು.

ಆದುದರಿಂದ ಬಾಧೆ ಎಷ್ಟು, ಔಷಧ ಯಾವುದು, ಎಷ್ಟು ಕಾಲ ಎಂಬುದನ್ನು ವೈದ್ಯರೊಡನೆ ತೂಗಿನೋಡಿಯೇ ನಿರ್ಧರಿಸಬೇಕು. ಸ್ತನದ ಕ್ಯಾನ್ಸರ್ ಆಗಿದ್ದವರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಔಷಧವನ್ನು ಮುಟ್ಟದವರಿಗೂ ಈ ರೋಗ ಬರುವುದುಂಟು. ಬೆಂಗಳೂರಿನ ಸ್ತ್ರೀಯರಲ್ಲಿ ಕಾಣುವ ಕ್ಯಾನ್ಸರುಗಳಲ್ಲಿ ಇದೇ ಮೊದಲನೆಯದೆಂದು ಕಿದ್ವಾಯಿ ಸಂಸ್ಥೆಯ ನೋಂದಣಿಯಿಂದ ತಿಳಿದಿದೆ. ಸ್ತನದಲ್ಲಿ ಗಂಟು ಕಂಡರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ ತೋರಿಸಬೇಕೆಂದು ನಮ್ಮ ಮನೆಯ ಹಿರಿಯ ಹೆಂಗಸರಿಗೆ ತಿಳಿಯಹೇಳುವುದು ಓದಿದವರ ಕರ್ತವ್ಯ.