ಸಂಜೆಯ ಸಂಗೀತಶಾಲೆಗೆ ಹಣ ಎಲ್ಲಿಂದ?

ದೇಹಕ್ಕೆ ಅನ್ನವೆಂತೋ ಮನಸ್ಸಿಗೆ ಸಂಗೀತವೂ ಅಂತೆಯೇ ಎಂದು ಭಾಷಣಗಳಲ್ಲಿ ಹೇಳುವುದು ವಾಡಿಕೆ. ಆದರೆ ಈ ಅನ್ನವನ್ನು ಬಡಿಸುವ ಗುರುವಿನ ಮನೆಯಲ್ಲಿ ಒಲೆ ಹೇಗೆ ಉರಿಯಬೇಕೆಂದು ಕೇಳುವವರು ವಿರಳ. ಅರ್ಥಶಾಸ್ತ್ರವನ್ನು ಓದುತ್ತಿರುವ ನನಗೆ ಈ ಎರಡನೆಯ ಮಾತೇ ಮುಖ್ಯವೆಂದು ತೋರುತ್ತದೆ. ಶಾಲೆ ಬಿಟ್ಟ ಮೇಲೆ ಹದಿಹರೆಯದ ಹುಡುಗ ಹುಡುಗಿಯರಿಗೆ ಸಂಗೀತ ಕಲಿಸುವ ಬಡಾವಣೆಯ ಶಾಲೆಯೊಂದು ಬಾಳಬೇಕಾದರೆ, ಅದಕ್ಕೆ ಹಣವು ಎಲ್ಲಿಂದ, ಯಾವ ಕ್ರಮದಲ್ಲಿ ಬರಬೇಕೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ನಾನು ಬಾಣಸವಾಡಿಯ ನಿವಾಸಿ. ಒಂದು ಕಾಲಕ್ಕೆ ಹಳ್ಳಿಯಾಗಿದ್ದು, ಈಗ ಬೆಂಗಳೂರು ನಗರದ ಹೊಟ್ಟೆಯೊಳಗೆ ಸೇರಿಹೋದ ಊರು ಇದು. ಕನ್ನಡ, ತಮಿಳು, ತೆಲುಗು, ಉರ್ದು, ಮಲೆಯಾಳಗಳು ಒಂದೇ ಬೀದಿಯಲ್ಲಿ ಕೇಳಿಸುತ್ತವೆ. ಆಂಜನೇಯಸ್ವಾಮಿಯ ಗುಡಿಯ ಭಜನೆ, ಚರ್ಚಿನ ಗಾಯನವೃಂದ, ಹಬ್ಬದ ದಿನದ ತಮಟೆ, ಇವುಗಳಿಗೆ ಇಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಕ್ರಮವಾದ ಕಲಿಕೆಗೆ. ನಮ್ಮ ಮನೆಯಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲು. ತಂದೆ ಮನೆಗಳಿಗೆ ಬಣ್ಣ ಬಳಿಯುವ ಕೆಲಸದವರು; ತಾಯಿ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವವರು. ಒಂಬತ್ತನೆಯ ತರಗತಿಯ ತಮ್ಮನು ಸಂಜೆ ನಾಲ್ಕೂವರೆಯಿಂದ ಎಂಟರವರೆಗೆ ಯಾರ ಕಣ್ಣಿಗೂ ಬೀಳದ ಹುಡುಗ. ಅವನ ಬೆರಳುಗಳು ನೀರಿನ ಡ್ರಮ್ಮಿನ ಮೇಲೂ ತಾಳ ಹಾಕುತ್ತಿರುತ್ತವೆ. ಆದರೆ ಹಣ ತೆತ್ತು ಕಲಿಯುವ ತರಗತಿಗೆ ಅವನನ್ನು ಕಳುಹಿಸುವ ಶಕ್ತಿ ನಮಗಿಲ್ಲ. ಇಂಥ ಮನೆಗಳು ನಮ್ಮ ಬೀದಿಯಲ್ಲಿ ಎಷ್ಟೋ ಇವೆ.

ನಮ್ಮಲ್ಲಿಯೂ ಒಮ್ಮೆ ಒಂದು ಸಂಜೆಯ ತರಗತಿ ಪ್ರಾರಂಭವಾಯಿತು. ದಾನಿಗಳೊಬ್ಬರು ಹಾರ್ಮೋನಿಯಂ, ತಬಲಗಳನ್ನು ಕೊಡಿಸಿದರು. ಹಾರ ತುರಾಯಿಗಳೊಡನೆ ಉದ್ಘಾಟನೆಯೂ ಆಯಿತು. ಏಳನೆಯ ತಿಂಗಳಿನಲ್ಲಿ ಮೇಷ್ಟರು ಬರುವುದನ್ನು ನಿಲ್ಲಿಸಿದರು. ಅವರನ್ನು ಯಾರೂ ದೂರಲಾರರು, ಏಕೆಂದರೆ ಮೂರು ತಿಂಗಳಿನಿಂದ ಅವರಿಗೆ ಸಂಬಳವಿರಲಿಲ್ಲ. ವಾದ್ಯಗಳು ಇಂದಿಗೂ ಬೀರುವಿನಲ್ಲಿ ಭದ್ರವಾಗಿವೆ. ಕಲಿಯುತ್ತಿದ್ದ ಮಕ್ಕಳು ಮಾತ್ರ ಚದುರಿಹೋದರು. ಇದರಿಂದ ಮೊದಲನೆಯ ತತ್ತ್ವವು ಸ್ಪಷ್ಟವಾಗುತ್ತದೆ. ಸಂಗೀತಶಾಲೆಯ ವೆಚ್ಚದಲ್ಲಿ ಎರಡು ಬಗೆ: ಒಮ್ಮೆ ಮಾತ್ರ ಮಾಡುವ ವೆಚ್ಚ, ಪ್ರತಿ ತಿಂಗಳೂ ಬರುವ ವೆಚ್ಚ. ವಾದ್ಯವು ಮೊದಲನೆಯದು, ಗುರುವಿನ ಸಂಬಳವು ಎರಡನೆಯದು. ದಾನಿಗಳಿಗೆ ಪ್ರಿಯವಾದುದು ಮೊದಲನೆಯದು. ಶಾಲೆಯ ಪ್ರಾಣವಿರುವುದು ಎರಡನೆಯದರಲ್ಲಿ.

ಈ ಸಂಬಳದ ಪ್ರಶ್ನೆಯನ್ನು ಹಿಂದಿನವರು ಹೇಗೆ ಬಿಡಿಸಿದರೆಂಬುದನ್ನು ನೋಡೋಣ. ಮೈಸೂರಿನಲ್ಲಿ ಅರಮನೆಯೇ ಉತ್ತರವಾಗಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ವೀಣೆ ಶೇಷಣ್ಣ, ವಾಸುದೇವಾಚಾರ್ಯರಂಥ ವಿದ್ವಾಂಸರು ಬೆಳಗಿದರು. ಪಾಶ್ಚಾತ್ಯ ವಾದ್ಯವೃಂದವೂ ಅರಮನೆಯಲ್ಲಿತ್ತು. ಆದರೆ ರಾಜ್ಯಗಳು ಹೋದವು. ೧೯೭೧ರಲ್ಲಿ ರಾಜಧನವೂ ರದ್ದಾಯಿತು. ಒಂದೇ ಕೈಯಿಂದ ಬರುವ ಹಣವು ಎಷ್ಟೇ ಉದಾರವಾದರೂ, ಆ ಕೈ ಮುಚ್ಚಿದ ದಿನ ನಿಲ್ಲುತ್ತದೆ.

ದೂರದ ವೆನಿಜುವೆಲಾ ದೇಶದಲ್ಲಿ ಉತ್ತರವು ಸರ್ಕಾರದಿಂದ ಬಂದಿತು. ೧೯೭೫ರಲ್ಲಿ ಹೋಸೆ ಆಂತೋನಿಯೋ ಅಬ್ರೆಯು ಎಂಬವರು ಬೆರಳೆಣಿಕೆಯ ಮಕ್ಕಳೊಡನೆ ಒಂದು ವಾದ್ಯವೃಂದವನ್ನು ಆರಂಭಿಸಿದರು. ಇವರು ಸಂಗೀತಗಾರರೂ ಹೌದು, ಅರ್ಥಶಾಸ್ತ್ರಜ್ಞರೂ ಹೌದು. 'ಎಲ್ ಸಿಸ್ತೆಮಾ' ಎಂದು ಹೆಸರಾದ ಆ ವ್ಯವಸ್ಥೆಯಲ್ಲಿ ಶಾಲೆ ಬಿಟ್ಟ ಮೇಲೆ ಲಕ್ಷಾಂತರ ಬಡ ಮಕ್ಕಳು ವಾದ್ಯ ಕಲಿತರು. ಸಂಗೀತವನ್ನು ಅಲಂಕಾರವೆಂದು ಬಗೆಯದೆ ಸಮಾಜಕಲ್ಯಾಣದ ಕಾರ್ಯವೆಂದು ಮುಂದಿಟ್ಟು ಸರ್ಕಾರದ ಬೊಕ್ಕಸವನ್ನು ತೆರೆಸಿದುದು ಅಬ್ರೆಯು ಅವರ ಜಾಣ್ಮೆ. ಆದರೂ ಆ ದೇಶದ ಆರ್ಥಿಕ ಸ್ಥಿತಿಯು ಕುಸಿದಾಗ ಅನೇಕ ಗುರುಗಳೂ ವಾದಕರೂ ನಾಡು ಬಿಟ್ಟು ಹೊರಟರು. ಇಲ್ಲಿಯೂ ಪಾಠ ಅದೇ.

ಮೂರನೆಯ ಉತ್ತರವು ನಮ್ಮ ಗದಗಿನದು. ಪಂಚಾಕ್ಷರ ಗವಾಯಿಗಳು ಅಂಧರು. ಅಂಧರಿಗೂ ಅನಾಥರಿಗೂ ಬಡಮಕ್ಕಳಿಗೂ ಅನ್ನವಿಟ್ಟು ಸಂಗೀತ ಕಲಿಸಿದವರು. ಬಸವರಾಜ ರಾಜಗುರುಗಳಂಥ ಗಾಯಕರು ಅವರ ಶಿಷ್ಯರು. ಗವಾಯಿಗಳಿಗೆ ಅರಮನೆಯಿರಲಿಲ್ಲ, ಊರೂರು ತಿರುಗಿ ಜೋಳಿಗೆ ಹಿಡಿದರು. ೧೯೪೪ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ತಾವೂ ಅಂಧರಾಗಿದ್ದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತರು. ನಾಟಕ ಕಂಪನಿಯ ಆದಾಯದಿಂದ ಆಶ್ರಮವನ್ನು ಸಾಕಿದರು. ಭಕ್ತರು ಊರೂರಲ್ಲಿ ಅವರ ತುಲಾಭಾರ ಮಾಡಿದಾಗ ಬಂದ ಹಣವೂ ಮಕ್ಕಳ ಅನ್ನಕ್ಕೇ ಸಂದಿತು. ೨೦೧೦ರಲ್ಲಿ ಅವರು ಕಾಲವಾದ ಮೇಲೂ ಆಶ್ರಮವು ನಿಂತಿಲ್ಲ. ಇದಕ್ಕೆ ಕಾರಣವು ಗುರುಗಳ ತಪಸ್ಸು ಮಾತ್ರವಲ್ಲ. ಹಣದ ಮೂಲವು ಒಂದಾಗಿರದೆ ಸಾವಿರ ಕೈಗಳಾಗಿದ್ದುದೂ ಹೌದು. ಒಂದು ಊರಿನಲ್ಲಿ ಮಳೆ ಹೋದರೆ ಇನ್ನೊಂದು ಊರು ಹಿಡಿ ಕಾಳು ಕೊಟ್ಟಿತು.

ಇನ್ನು ಈ ಕಾಲದ ದೊಡ್ಡ ದಾನಿಗಳಾದ ಕಂಪನಿಗಳ ವಿಚಾರ. ೨೦೧೩ರ ಕಂಪನಿ ಕಾಯಿದೆಯಂತೆ, ನಿಗದಿತ ಗಾತ್ರವನ್ನು ಮೀರಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ೨ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕು. ಶಿಕ್ಷಣ, ಕಲೆ, ಸಂಸ್ಕೃತಿಗಳು ಆ ಕಾರ್ಯಗಳ ಪಟ್ಟಿಯಲ್ಲಿವೆ. ತನ್ನ ನೆರೆಹೊರೆಗೆ ಆದ್ಯತೆ ಕೊಡಬೇಕೆಂಬ ಮಾತೂ ಇದೆ. ಕಂಪನಿಗಳ ಗಾಜಿನ ಕಟ್ಟಡಗಳು ನಮ್ಮ ಪೂರ್ವ ಬೆಂಗಳೂರಿನಲ್ಲೇ ಇರುವುದರಿಂದ ಇದು ಸಂತೋಷದ ಸಂಗತಿ. ಆದರೆ ೨೦೨೧ರ ತಿದ್ದುಪಡಿಯ ಪ್ರಕಾರ, ಹೊರಗಿನ ಸಂಘವೊಂದು ಈ ಹಣದಿಂದ ಕಾರ್ಯ ನಡೆಸಬೇಕಾದರೆ ಅದು ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿತವಾಗಿರಬೇಕು. ಅಂಥದೇ ಕಾರ್ಯದಲ್ಲಿ ಮೂರು ವರ್ಷಗಳ ಅನುಭವವನ್ನೂ ತೋರಿಸಬೇಕು. ಅಂದರೆ, ಹೊಸದಾಗಿ ಹುಟ್ಟಿದ ಬೀದಿಯ ಶಾಲೆಯು ಮೊದಲ ಮೂರು ವರ್ಷ ತನ್ನ ಕಾಲಿನ ಮೇಲೆ ತಾನೇ ನಿಲ್ಲಬೇಕು. ಈ ಮೂರು ವರ್ಷಗಳನ್ನು ದಾಟಿಸುವುದೇ ನಿಜವಾದ ಸಮಸ್ಯೆ.

ಹಾಗಾದರೆ ದಾಟಿಸುವುದು ಹೇಗೆ? ಒಂದು ಊಹೆಯ ಲೆಕ್ಕವನ್ನು ವಾಚಕರ ಮುಂದಿಡುತ್ತೇನೆ. ಮೂವತ್ತು ಮಕ್ಕಳು, ವಾರಕ್ಕೆ ಮೂರು ಸಂಜೆ. ಗಾಯನದ ಗುರುಗಳಿಗೆ ತಿಂಗಳಿಗೆ ೧೨,೦೦೦ ರೂಪಾಯಿ, ತಾಳವಾದ್ಯದವರಿಗೆ ೮,೦೦೦, ದೀಪ ಮತ್ತು ದುರಸ್ತಿಗೆ ೩,೦೦೦, ಒಟ್ಟು ೨೩,೦೦೦. ವರ್ಷಕ್ಕೆ ೨,೭೬,೦೦೦. ಬಾಡಿಗೆಯನ್ನು ನಾನು ಸೇರಿಸಿಲ್ಲ. ಸಂಜೆ ಖಾಲಿಯಿರುವ ಸರ್ಕಾರಿ ಶಾಲೆಯ ಕೊಠಡಿಯನ್ನು ಮುಖ್ಯೋಪಾಧ್ಯಾಯರ ಮತ್ತು ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆಯಿಂದ ಕೇಳಬಹುದು. ಈಗ ಆದಾಯ. ಇನ್ನೂರು ಮನೆಗಳು ತಿಂಗಳಿಗೆ ೫೦ ರೂಪಾಯಿ ಕೊಟ್ಟರೆ ವರ್ಷಕ್ಕೆ ೧,೨೦,೦೦೦. ಹತ್ತು ಮಕ್ಕಳಿಗೆ ಶುಲ್ಕವಿಲ್ಲದೆ, ಉಳಿದ ಇಪ್ಪತ್ತು ಮಕ್ಕಳಿಂದ ತಿಂಗಳಿಗೆ ನೂರರಂತೆ ೨೪,೦೦೦. ಉಳಿದ ೧,೩೨,೦೦೦ಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಕೊಡಬಲ್ಲ ಹನ್ನೊಂದು ಮಂದಿ ಸಾಕು. ವರ್ಷಕ್ಕೊಮ್ಮೆ ಮಕ್ಕಳೇ ನಡೆಸುವ ಕಚೇರಿಯಲ್ಲಿ ಕೂಡಿದ ಹಣವನ್ನು ಮುಟ್ಟದೆ ಬ್ಯಾಂಕಿನಲ್ಲಿಡಬೇಕು. ಗುರುಗಳ ಮೂರು ತಿಂಗಳ ಸಂಬಳ, ಅಂದರೆ ೬೦,೦೦೦, ಅಲ್ಲಿ ಸದಾ ಇರಬೇಕು.

ಈ ಲೆಕ್ಕವು ನಂಬಿಕೆಯ ಮೇಲೆ ನಿಂತಿದೆ. ನಂಬಿಕೆಯು ಪುಸ್ತಕದ ಮೇಲೆ. ೧೯೬೦ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯಂತೆ ಏಳು ಜನ ಸೇರಿದರೆ ಸಂಘ ಕಟ್ಟಬಹುದು. ಆ ಏಳರಲ್ಲಿ ಇಬ್ಬರಾದರೂ ಕಲಿಯುವ ಮಕ್ಕಳ ತಾಯಂದಿರಿರಲಿ. ಪ್ರತಿ ತಿಂಗಳ ಜಮಾ ಖರ್ಚು ಕೊಠಡಿಯ ಬಾಗಿಲಿನಲ್ಲಿ ತೂಗಲಿ. ಮೂರು ವರ್ಷ ಹೀಗೆ ಬರೆದ ಲೆಕ್ಕವೇ ನಾಲ್ಕನೆಯ ವರ್ಷ ಕಂಪನಿಯ ಬಾಗಿಲನ್ನು ತಟ್ಟುವಾಗ ಕೈಯಲ್ಲಿರುವ ಪ್ರಮಾಣಪತ್ರ. ಆಗಲೂ ಕಂಪನಿಯ ಹಣದಿಂದ ವಾದ್ಯಗಳನ್ನು ಕೊಳ್ಳೋಣ, ಇನ್ನೊಂದು ಬೀದಿಗೆ ತರಗತಿಯನ್ನು ಹಬ್ಬಿಸೋಣ. ಮೊದಲ ಗುರುವಿನ ಸಂಬಳವು ಮಾತ್ರ ಬೀದಿಯ ಹಣದಿಂದಲೇ ಸಲ್ಲಲಿ.

ಸರ್ಕಾರಕ್ಕೂ ಒಂದು ವಿನಂತಿ. ೧೯೬೫ರ ಗ್ರಂಥಾಲಯ ಕಾಯಿದೆಯು ಕಟ್ಟಡ ತೆರಿಗೆಯ ರೂಪಾಯಿಗೆ ಕೆಲವು ಪೈಸೆಯಂತೆ ಗ್ರಂಥಾಲಯಕ್ಕಾಗಿ ಕರ ವಿಧಿಸಿತು. ಮನೆಯಲ್ಲಿ ಪುಸ್ತಕವಿಲ್ಲದ ನನ್ನಂಥವರು ಓದಿದ್ದು ಅಂಥ ಪೈಸೆಗಳಿಂದ. ಓದಿಗೆ ಒದಗಿದ ಈ ಏರ್ಪಾಡಿನ ಒಂದು ಸಣ್ಣ ಅಂಶವು ಹಾಡಿಗೂ ಒದಗಬಾರದೇಕೆ?

ಪ್ರತಿಭೆಯು ಬಡವರ ಮನೆಯಲ್ಲಿ ಹುಟ್ಟುವುದಿಲ್ಲವೆಂದು ಯಾರೂ ಹೇಳಲಾರರು. ಹುಟ್ಟಿದುದು ಬಾಳುವುದೋ ಬಾಡುವುದೋ ಎಂಬುದು ತಿಂಗಳ ಮೊದಲನೆಯ ತಾರೀಖಿನಂದು ಒಬ್ಬ ಮೇಷ್ಟರಿಗೆ ಸಂಬಳ ಸಂದಿತೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ಪದವಿ ಪಡೆದು ಹೊರಡುವ ನಾವು ಮೊದಲ ಸಂಬಳದಲ್ಲಿ ಐವತ್ತು ರೂಪಾಯಿಯನ್ನು ನಮ್ಮ ನಮ್ಮ ಬೀದಿಯ ಮಕ್ಕಳ ಹೆಸರಿಗೆ ತೆಗೆದಿಟ್ಟರೆ, ಕೆಲಸವು ಅಲ್ಲಿಂದಲೇ ಪ್ರಾರಂಭವಾಗಬಹುದು.