ಕಿಡ್ನಿ ಕೊಟ್ಟವರ ನೋವಿಗೂ ಒಂದು ಲೆಕ್ಕವಿರಲಿ: ಏಳು ಸೂತ್ರಗಳು

ಕಸಿಯ ದಿನ ಮನೆಮಂದಿಯೆಲ್ಲ ಕಿಡ್ನಿ ಪಡೆದವರ ಮಂಚದ ಹತ್ತಿರ. ಮೂತ್ರ ಬಂತಾ, ಕ್ರಿಯಾಟಿನಿನ್ ಇಳಿಯಿತಾ ಎಂಬುದೇ ಎಲ್ಲರ ಚಿಂತೆ. ಕೊಟ್ಟವರು ಇನ್ನೊಂದು ವಾರ್ಡಿನಲ್ಲಿ ಹಲ್ಲುಕಚ್ಚಿ ಮಲಗಿರುತ್ತಾರೆ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಕಿಡ್ನಿ ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಅಮ್ಮನೋ ಹೆಂಡತಿಯೋ ಆದವಳು ‘ನೋಯ್ತಿದೆ’ ಎಂದು ತಾನಾಗಿ ಬಾಯಿ ಬಿಡುವುದು ಅಪರೂಪ. ಯಾವ ಕಾಯಿಲೆಯೂ ಇಲ್ಲದೆ ಆಪರೇಷನ್ ಟೇಬಲ್ ಏರಿದವರಿಗೆ ನೋವು ತಗ್ಗಿಸುವುದು ಯಾರೂ ಮಾಡುವ ಉಪಕಾರವಲ್ಲ.

1. ಒಂದು ವಾರ ಮುಂಚೆಯೇ ಕೇಳಿ. ಫಿಟ್‌ನೆಸ್ ತಪಾಸಣೆಗೆ ಹೋದಾಗ ಅರಿವಳಿಕೆ ತಜ್ಞರನ್ನು ಕೇಳಿ: ‘ಹೊಟ್ಟೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಡ್ತೀರಾ? ಯಾವಾಗ? ಎಷ್ಟು ಹೊತ್ತು ತಡೆಯುತ್ತೆ?’ ಆಪರೇಷನ್ ದಿನ ಬೆಳಿಗ್ಗೆ ಕೇಳಿದರೆ ಉತ್ತರ ಹೇಳಲು ಯಾರಿಗೂ ಪುರುಸೊತ್ತಿರುವುದಿಲ್ಲ.

2. ನೋವು ಎಲ್ಲೆಲ್ಲಿಂದ ಬರುತ್ತದೆ ಎಂದು ತಿಳಿದಿರಿ. 1995ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಲಾಯ್ಡ್ ರಾಟ್ನರ್ ಮತ್ತು ಲೂಯಿಸ್ ಕವೂಸಿ ದಾನಿಯ ಕಿಡ್ನಿಯನ್ನು ಮೊದಲ ಬಾರಿಗೆ ಕೀಹೋಲ್ ವಿಧಾನದಲ್ಲಿ ಹೊರತೆಗೆದರು. ಪಕ್ಕೆ ಸೀಳುವ ಉದ್ದದ ಗಾಯ ಅಂದಿನಿಂದ ತಪ್ಪುತ್ತ ಬಂತು. ನೋವು ಪೂರ್ತಿ ತಪ್ಪಲಿಲ್ಲ. ಸಣ್ಣ ತೂತುಗಳ ನೋವು ಒಂದು. ಇಡೀ ಕಿಡ್ನಿ ಆ ತೂತಿನಲ್ಲಿ ಹೊರಬರುವುದಿಲ್ಲವಲ್ಲ, ಅದಕ್ಕಾಗಿ ಸಾಮಾನ್ಯವಾಗಿ ಸಿಸೇರಿಯನ್ ಗಾಯದ ಜಾಗದಲ್ಲೇ, ಕೆಳಹೊಟ್ಟೆಯಲ್ಲಿ ಅಡ್ಡಡ್ಡ ಕೊಯ್ಯುತ್ತಾರೆ. ಅದು ಇನ್ನೊಂದು. ಮೂರನೆಯದು ವಿಚಿತ್ರ: ಆಪರೇಷನ್ ಹೊಟ್ಟೆಗೆ, ನೋವು ಹೆಗಲಿಗೆ! ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್ ಎದೆ-ಹೊಟ್ಟೆಗಳ ನಡುವಿನ ವಪೆಯನ್ನು ಕೆಣಕುವುದರಿಂದ ಹೀಗಾಗುತ್ತದೆ. ಗಾಯ ಮರಗಟ್ಟಿಸುವ ಮದ್ದು ಮೊದಲೆರಡಕ್ಕೆ ಸರಿ. ಹೆಗಲಿಗೆ ಅದರಿಂದ ಪ್ರಯೋಜನವಿಲ್ಲ. ಗಾಬರಿಯಾಗಬೇಡಿ, ಗ್ಯಾಸ್ ಕರಗಿದಂತೆ ಅದೂ ಹೋಗುತ್ತದೆ.

3. ದೊಡ್ಡ ಹೆಸರಿಗೆ ಮರುಳಾಗಬೇಡಿ. ಹೊಟ್ಟೆ ಮರಗಟ್ಟಿಸಲು ಎರಡು ದಾರಿಗಳು ರೂಢಿಯಲ್ಲಿವೆ. ಹೊಲಿಗೆ ಹಾಕುವಾಗ ಸರ್ಜನ್ನೇ ಗಾಯದ ಅಂಚಿಗೆ ಮದ್ದು ಚುಚ್ಚುವುದು ಒಂದು. ಇನ್ನೊಂದು ‘ಟ್ಯಾಪ್ ಬ್ಲಾಕ್’: ಅಲ್ಟ್ರಾಸೌಂಡ್‌ನಲ್ಲಿ ನೋಡುತ್ತ, ಹೊಟ್ಟೆಯ ಗೋಡೆಯ ಒಳಗಿನ ಎರಡು ಸ್ನಾಯುಪದರಗಳ ನಡುವೆ, ನರಗಳು ಹಾಯುವ ಜಾಗಕ್ಕೆ ಮದ್ದು ಹರಿಸುವುದು. ಇದು ಹೊಟ್ಟೆಯ ಗೋಡೆಯನ್ನು ವಿಶಾಲವಾಗಿ ಮರಗಟ್ಟಿಸುತ್ತದೆ, ಆದರೆ ಕೈ ಪಳಗಿದವರು ಬೇಕು. ಯಾವುದು ಮೇಲು ಎಂಬ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ನನ್ನನ್ನು ಕೇಳಿದರೆ, ನಿಮ್ಮ ಆಸ್ಪತ್ರೆಯವರು ದಿನನಿತ್ಯ ಮಾಡುವ ವಿಧಾನವೇ ನಿಮಗೂ ಒಳ್ಳೆಯದು. ಎರಡರಲ್ಲಿ ಒಂದನ್ನೂ ಮಾಡುವುದಿಲ್ಲ ಎಂದರೆ ಮಾತ್ರ ಕಾರಣ ಕೇಳಿ.

4. ತೂಕ ಸರಿಯಾಗಿ ಹೇಳಿ. ಬುಪಿವಕೇನ್ ಎಂಬ ಮರಗಟ್ಟಿಸುವ ಮದ್ದಿನ ಮಿತಿ ಕಿಲೋ ತೂಕಕ್ಕೆ ಸುಮಾರು 2 ಮಿಲಿಗ್ರಾಂ. 50 ಕಿಲೋದವರಿಗೆ 100 ಮಿಲಿಗ್ರಾಂ, ಅಂದರೆ 0.25 ಶೇಕಡಾ ದ್ರಾವಣದಲ್ಲಿ 40 ಮಿಲಿಲೀಟರ್. ಸರ್ಜನ್ ಚುಚ್ಚಿದ್ದು, ಅರಿವಳಿಕೆ ತಜ್ಞರು ಕೊಟ್ಟದ್ದು ಎರಡೂ ಒಂದೇ ಖಾತೆಗೆ ಸೇರಬೇಕು. ಆ ಲೆಕ್ಕ ಅವರದು. ಹಲ್ಲು ಕೀಳಿಸಿದಾಗ ಇಂಜೆಕ್ಷನ್‌ನಿಂದ ತೊಂದರೆಯಾಗಿತ್ತೇ, ಹೃದಯದ ಬಡಿತದಲ್ಲಿ ಏರುಪೇರು ಇದೆಯೇ ಎಂದು ಹೇಳುವುದು ನಿಮ್ಮದು. ಎಚ್ಚರವಾದ ಮೇಲೆ ತುಟಿಯ ಸುತ್ತ ಜೋಮು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಟ್ಟುವಿಕೆ ಶುರುವಾದರೆ ತಕ್ಷಣ ಸಿಸ್ಟರ್‌ಗೆ ತಿಳಿಸಿ. ಮದ್ದು ರಕ್ತದಲ್ಲಿ ಹೆಚ್ಚಾದುದರ ಸೂಚನೆಯಿರಬಹುದು. ಅಪರೂಪ, ಆದರೆ ಕಾಯುವಂಥದ್ದಲ್ಲ. ಇದಕ್ಕೆ 20 ಶೇಕಡಾ ಲಿಪಿಡ್ ಎಮಲ್ಷನ್ ಎಂಬ ಚಿಕಿತ್ಸೆ ಇದೆ.

5. ಮರಗಟ್ಟು ಇಳಿಯುವ ಹೊತ್ತಿಗೆ ಸಿದ್ಧರಾಗಿರಿ. ಒಂದು ಸಲ ಕೊಟ್ಟ ಮದ್ದು ಕೆಲವು ಗಂಟೆ, ಹೆಚ್ಚೆಂದರೆ ಅರ್ಧ ದಿನವೋ ತುಸು ಜಾಸ್ತಿಯೋ ತಡೆಯುತ್ತದೆ. ಮಧ್ಯಾಹ್ನ ಆಪರೇಷನ್ ಆದರೆ ನೋವು ಏಳುವುದು ನಡುರಾತ್ರಿ, ವಾರ್ಡಿನಲ್ಲಿ ಜನ ಕಡಿಮೆ ಇರುವಾಗ. ಆದ್ದರಿಂದ ಪ್ಯಾರಾಸಿಟಮಾಲ್ ನೋವಿಗೆ ಕಾಯದೆ ಗಡಿಯಾರ ನೋಡಿ ಬರಲಿ. ಅದಕ್ಕೂ ಬಗ್ಗದಿದ್ದರೆ ಮಾರ್ಫಿನ್ ಜಾತಿಯ ಮದ್ದು ಕೊಡುತ್ತಾರೆ. ವಾಕರಿಕೆ, ಮಲಬದ್ಧತೆ, ಮಂಪರು ಅದರ ಜೊತೆಗೇ ಬರುತ್ತವೆ. ಅದರ ಅಗತ್ಯ ಕಡಿಮೆಯಾಗಲಿ ಎಂದೇ ಮರಗಟ್ಟಿಸುವ ಇಷ್ಟೆಲ್ಲ ಏರ್ಪಾಡು.

6. ನೋವು ತಗ್ಗಿದ ಹೊತ್ತನ್ನು ಮಲಗಿ ಕಳೆಯಬೇಡಿ. ದಿಂಬನ್ನು ಹೊಟ್ಟೆಗೆ ಒತ್ತಿಕೊಂಡು ಕೆಮ್ಮಿ, ದೀರ್ಘವಾಗಿ ಉಸಿರೆಳೆಯಿರಿ, ವೈದ್ಯರು ಹೇಳಿದೊಡನೆ ನಡೆಯಿರಿ. ಮೊದಲ ಸಲ ಏಳುವಾಗ ಯಾರಾದರೂ ಹಿಡಿದುಕೊಳ್ಳಲಿ. ಕೆಲವು ಬ್ಲಾಕ್‌ಗಳಲ್ಲಿ ತೊಡೆಯೂ ಸ್ವಲ್ಪ ಹೊತ್ತು ಸೋಲಬಹುದು.

7. ಮೆಡಿಕಲ್ ಶಾಪಿನಲ್ಲಿ ‘ನೋವಿನ ಮಾತ್ರೆ’ ಎಂದಷ್ಟೇ ಕೇಳಬೇಡಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯವು ಕಿಡ್ನಿಗೆ ಹರಿಯುವ ರಕ್ತವನ್ನು ತಗ್ಗಿಸಬಲ್ಲವು. ಕೆಲವು ಆಸ್ಪತ್ರೆಗಳಲ್ಲಿ ಕಣ್ಗಾವಲಿನಲ್ಲಿ ಒಂದೆರಡು ದಿನ ಕೊಡುವುದುಂಟು. ಮನೆಗೆ ಬಂದ ಮೇಲೆ ಸೊಂಟನೋವಿಗೋ ತಲೆನೋವಿಗೋ ನೀವಾಗಿ ನುಂಗುವುದು ಬೇರೆ ಮಾತು. ಹಲ್ಲಿನ ಡಾಕ್ಟರು, ಮೂಳೆ ಡಾಕ್ಟರು, ಯಾರೇ ಚೀಟಿ ಬರೆಯಲು ಪೆನ್ನು ತೆಗೆದರೂ ಮೊದಲು ಹೇಳಿ: ‘ನನಗಿರೋದು ಒಂದೇ ಕಿಡ್ನಿ.’