‘ಸ್ಪೇಷಲ್’ ಪದದ ಎರಡು ಬರಹರೂಪಗಳು

ಸ್ಥಳಕ್ಕೆ ಅಥವಾ ಅವಕಾಶಕ್ಕೆ ಸಂಬಂಧಿಸಿದ್ದು ಎಂಬ ಅರ್ಥದ ‘ಸ್ಪೇಷಲ್’ ಎಂಬ ಇಂಗ್ಲಿಷ್ ವಿಶೇಷಣವನ್ನು ನಡುವೆ ‘ಟಿ’ ಅಕ್ಷರವಿಟ್ಟು ಬರೆಯುವುದು ರೂಢಿ. ‘ಟಿ’ಯ ಸ್ಥಾನದಲ್ಲಿ ‘ಸಿ’ ಇರುವ ರೂಪವೂ ವಿರಳವಾಗಿ ಕಂಡುಬರುತ್ತದೆ. ಉಚ್ಚಾರಣೆಯಲ್ಲಿ ಇವೆರಡಕ್ಕೂ ಭೇದವಿಲ್ಲ. ಕನ್ನಡ ಲಿಪಿಗೆ ತಂದರಂತೂ ಭೇದವೇ ಅಳಿಸಿಹೋಗುತ್ತದೆ. (‘ವಿಶೇಷ’ ಎಂಬರ್ಥದ ‘ಸ್ಪೆಷಲ್’ನಿಂದ ಇದನ್ನು ಬೇರ್ಪಡಿಸುವುದು ಎಕಾರದ ದೀರ್ಘವೊಂದೇ.) ‘ಸಿ’ ರೂಪವನ್ನು ಬರೆದವರ ಅಜ್ಞಾನವೆಂದು ತಿದ್ದುವವರೇ ಹೆಚ್ಚು. ಪದದ ಚರಿತ್ರೆಯನ್ನು ಪರಿಶೀಲಿಸಿದರೆ ಈ ತೀರ್ಪು ನಿಲ್ಲುವುದಿಲ್ಲ.

ಮೂಲವಾದ ಲ್ಯಾಟಿನ್ನಿನ ‘ಸ್ಪತಿಯುಮ್’ ಪದದಲ್ಲಿರುವುದು ‘ಟಿ’ ಅಕ್ಷರ. ಸ್ವರದ ಹಿಂದಿನ ‘ತಿ’ ಧ್ವನಿಯು ಕಾಲಕ್ರಮದಲ್ಲಿ ಸಕಾರದತ್ತ ಜಾರಿದಾಗ, ಮಧ್ಯಯುಗದ ಲಿಪಿಕಾರರು ಲ್ಯಾಟಿನ್ ಪದವನ್ನೇ ‘ಸಿ’ ಹಾಕಿಯೂ ಬರೆದರು. ಹಳೆಯ ಫ್ರೆಂಚಿನಲ್ಲಿ ‘ಸಿ’ ನೆಲೆಗೊಂಡಿತು. ಅಲ್ಲಿಂದ ಬಂದ ಇಂಗ್ಲಿಷಿನ ‘ಸ್ಪೇಸ್’ ಅದನ್ನೇ ಉಳಿಸಿಕೊಂಡಿತು. ‘ವಿಶಾಲವಾದ’ ಎಂಬರ್ಥದ ‘ಸ್ಪೇಷಸ್’ ಕೂಡ ಇದೇ ಮೂಲದ್ದು. ಅದನ್ನು ಇಂದಿಗೂ ‘ಸಿ’ಯಿಂದಲೇ ಬರೆಯುತ್ತಾರೆ; ಆಕ್ಷೇಪಿಸಿದವರಿಲ್ಲ. ನಾಮಪದವು ಹೀಗೆ ಜನರ ಬಾಯಲ್ಲಿ ಸವೆದು ಬಂದುದಾದರೆ, ವಿಶೇಷಣವನ್ನು 19ನೆಯ ಶತಮಾನದಲ್ಲಿ ಕಾಲವಾಚಿಯಾದ ‘ಟೆಂಪೊರಲ್’ಗೆ ಜೋಡಿಯಾಗುವಂತೆ ಲ್ಯಾಟಿನ್ ಮೂಲದಿಂದ ಕಟ್ಟಿಕೊಳ್ಳಲಾಯಿತು. ‘ಸಿ’ ರೂಪವೂ ಅದೇ ಶತಮಾನದಿಂದ ದೊರೆಯುತ್ತದೆ.

ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದವರಿಗೆ ಇದು ಅಪರಿಚಿತ ಸನ್ನಿವೇಶವಲ್ಲ. ‘ಆಗಸ’ ಎಂಬ ತದ್ಭವ ಬಳಕೆಯಲ್ಲಿದ್ದರೂ ವಿಶೇಷಣ ಬೇಕಾದಾಗ ‘ಆಕಾಶೀಯ’ ಎಂದು ತತ್ಸಮಕ್ಕೇ ಮರಳುವುದು ಕನ್ನಡದ ವಾಡಿಕೆ. ‘ಟಿ’ ರೂಪದ ಹಿಂದಿರುವುದೂ ಇದೇ ಪ್ರವೃತ್ತಿ. ‘ಸಿ’ ಬರೆದವರು ತದ್ಭವದಂತಿರುವ ‘ಸ್ಪೇಸ್’ಗೇ ಪ್ರತ್ಯಯ ಹಚ್ಚಿದ್ದಾರೆ, ‘ಫೈನಾನ್ಸ್’ನಿಂದ ‘ಫೈನಾನ್ಷಿಯಲ್’ ಆದಂತೆ. ಆದರೆ ‘ಪ್ಯಾಲೇಸ್’ನ ವಿಶೇಷಣ ಮತ್ತೆ ‘ಟಿ’ಯನ್ನೇ ಬೇಡುತ್ತದೆ. ಇಂಗ್ಲಿಷು ಇಲ್ಲಿ ಒಂದೇ ಸೂತ್ರಕ್ಕೆ ಕಟ್ಟುಬಿದ್ದ ಭಾಷೆಯಲ್ಲ.

ಮೆರಿಯಮ್-ವೆಬ್‌ಸ್ಟರ್ ನಿಘಂಟು ‘ಸಿ’ ರೂಪವನ್ನು ಪರ್ಯಾಯವೆಂದೇ ದಾಖಲಿಸಿದೆ. ಇಂದಿನ ಶಾಸ್ತ್ರಬರಹದಲ್ಲಿ ‘ಟಿ’ಯನ್ನೇ ಬಳಸುವುದು ಕ್ಷೇಮ, ನಿಜ. ಹಳೆಯ ಗ್ರಂಥವನ್ನು ಸಂಪಾದಿಸುವಾಗ ಮಾತ್ರ ‘ಸಿ’ಯನ್ನು ಸದ್ದಿಲ್ಲದೆ ತಿದ್ದುವುದು ಪಾಠಕ್ಕೆ ಬಗೆದ ಅಪಚಾರ. ಗಣಕದಲ್ಲಿ ಪ್ರಯೋಗಗಳನ್ನು ಹುಡುಕುವ ಸಂಶೋಧಕರು ಎರಡೂ ರೂಪಗಳನ್ನು ಕೊಡಬೇಕು; ಒಂದನ್ನಷ್ಟೇ ಕೊಟ್ಟರೆ ಇನ್ನೊಂದರ ಪ್ರಯೋಗಗಳೆಲ್ಲ ಕೈತಪ್ಪುತ್ತವೆ.